ಸ್ಕೀ ಹೊತ್ತು ವಿಮಾನವೇರಿದ ಪಡಿಪಾಟಲು

ಓದುಗರೇ, ನೀವು ಎಂದಾದರೂ ತಂಬೂರಿ ಹಿಡಿದುಕೊಂಡು ರೈಲು ಹತ್ತಿದ್ದೀರಾ? ಮೀರಜದಿಂದ ಮುಂಬಯಿಗೆ ತಂಬೂರಿ ತಂದವರು ನಮ್ಮ ಸಂಘದಲ್ಲೇ ನಾಲ್ಕಾರು ಮಂದಿ ಇದ್ದಾರೆ. ಅದನ್ನು ಕೂಸಿನ ಹಾಗೆ ಬರ್ತಿನ ಮೇಲೆ ಮಲಗಿಸಿ, ತಾವು ತುದಿಯಲ್ಲಿ ಮುದುಡಿ ಕೂತು ಬೆಳಗು ಮಾಡಿದ ಕಥೆಯನ್ನು ಅವರು ಸಂಕ್ರಾಂತಿ ಕೂಟದಲ್ಲಿ ಪ್ರತಿ ವರ್ಷ ಹೇಳುತ್ತಾರೆ, ನಾವೂ ಪ್ರತಿ ವರ್ಷ ಕೇಳುತ್ತೇವೆ. ಆದರೆ ರೈಲಿನಲ್ಲಿ ಒಂದು ಸಮಾಧಾನವಿದೆ. ವಸ್ತು ಕಣ್ಣೆದುರಿಗೇ ಇರುತ್ತದೆ. ವಿಮಾನದಲ್ಲಿ ಹಾಗಲ್ಲ. ಸೂಟ್‌ಕೇಸಿನ ಆಕಾರದಲ್ಲಿ ಇಲ್ಲದ ಯಾವ ವಸ್ತುವನ್ನು ತಂದರೂ ಅವರು ಅದನ್ನು ನಿಮ್ಮ ಕೈಯಿಂದ ಕಸಿದುಕೊಂಡು, ಒಂದು ಪಕ್ಕದ ಬಾಗಿಲಿನಿಂದ ಒಳಗೆ ತಳ್ಳಿ, ಕೈಗೊಂದು ಚೀಟಿ ಕೊಡುತ್ತಾರೆ. ಆಮೇಲೆ ಚೀಟಿಯುಂಟು, ನೀವುಂಟು.

ನಾನು ಈಗ ಹೇಳಹೊರಟಿರುವುದು ತಂಬೂರಿಯ ವಿಷಯವಲ್ಲ. ಅದಕ್ಕಿಂತಲೂ ಉದ್ದದ, ನಮ್ಮ ಡೊಂಬಿವಲಿಯ ಕಟ್ಟಡದಲ್ಲಿ ಯಾರೂ ಕಂಡಿರದ ವಸ್ತುವಿನದು. ಹಿಮದ ಮೇಲೆ ನಡೆಯಲು, ಜಾರಲು ಕಾಲಿಗೆ ಕಟ್ಟಿಕೊಳ್ಳುವ ಸ್ಕೀ.

ಸ್ಕೀ ಎಂದರೆ ನಮ್ಮ ಕಣ್ಣಿಗೆ ಬರುವುದು ಹಿಂದಿ ಸಿನಿಮಾದ ಗುಲ್ಮಾರ್ಗ್. ನಾಯಕ ಬೆಟ್ಟದ ತುದಿಯಿಂದ ಸರ್ರನೆ ಇಳಿದು ಬರುತ್ತಾನೆ. ಅದು ಇಳಿಜಾರಿನ ಸ್ಕೀ. ನನ್ನ ಮಗಳದು ಬೇರೆ ಜಾತಿ, ಕ್ರಾಸ್ ಕಂಟ್ರಿ ಎನ್ನುತ್ತಾರೆ. ಇದರಲ್ಲಿ ಬೆಟ್ಟಕ್ಕೆ ಹೊತ್ತೊಯ್ಯುವ ತೊಟ್ಟಿಲು-ತೇರು ಏನೂ ಇಲ್ಲ. ಏರು, ಇಳಿವು, ಸಪಾಟು ಎಲ್ಲವನ್ನೂ ಸ್ವಂತ ರಟ್ಟೆಯ ಮೇಲೆ, ಸ್ವಂತ ತೊಡೆಯ ಮೇಲೆ ದಾಟಬೇಕು. ಹಲಗೆ ತೆಳ್ಳಗೆ, ಮೂರು ಬೆರಳಿನ ಅಗಲಕ್ಕಿಂತ ಹೆಚ್ಚಿಲ್ಲ. ಉದ್ದ ಮಾತ್ರ ಆಳಿಗಿಂತ ಹೆಚ್ಚು. ಪಾದರಕ್ಷೆಯ ತುದಿ ಮಾತ್ರ ಹಲಗೆಗೆ ಸಿಕ್ಕಿಕೊಂಡಿರುತ್ತದೆ, ಹಿಮ್ಮಡಿ ಬಿಡುವಾಗಿ ಮೇಲೇಳುತ್ತದೆ. ಕೈಯಲ್ಲಿ ಎರಡು ಉದ್ದನೆಯ ಕೋಲು.

ನಮ್ಮವರಿಗೆ ಇದೆಲ್ಲ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮ್ಮ ಕೊಡಗಿನ ಹುಡುಗಿ ಭವಾನಿ ತೆಕ್ಕಡ ನಂಜುಂಡ ಇದೇ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ, ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವಳು. ಕಾಫಿ ತೋಟದ ನಾಡಿನಿಂದ ಹಿಮದ ನಾಡಿಗೆ! ನಮ್ಮ ದೇಶದೊಳಗಿನ ಹೆಚ್ಚಿನ ವಿಮಾನಗಳಲ್ಲಿ ಪುಕ್ಕಟೆ ಒಯ್ಯಬಹುದಾದ ಸಾಮಾನು 15 ಕಿಲೋ. ಸ್ಪರ್ಧಿಗಳು ಎರಡು ಬಗೆಯ ಓಟಕ್ಕೆ ಎರಡು ಬಗೆಯ ಸ್ಕೀ ಒಯ್ಯಬೇಕು. ಆ ಮಕ್ಕಳು ಶ್ರೀನಗರದವರೆಗೆ ಅದನ್ನೆಲ್ಲ ಹೇಗೆ ಸಾಗಿಸುತ್ತಾರೋ ಎಂದು ಮೊದಲಾಗಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ. ಈಗ ಪೇಪರಿನಲ್ಲಿ ಪದಕದ ಸುದ್ದಿ ಕಂಡರೆ ನಾನು ಮೊದಲು ಯೋಚಿಸುವುದೇ ಅದನ್ನು.

ನನ್ನ ಮಗಳು ಪದಕದವಳಲ್ಲ. ಡೊಂಬಿವಲಿಯಲ್ಲಿ ಬೆಳೆದು, ಲೋಕಲ್ ಗಾಡಿಯಲ್ಲಿ ನೇತಾಡಿ ಕಾಲೇಜು ಮುಗಿಸಿ, ಮದುವೆಯಾಗಿ ಅಮೆರಿಕೆಯ ಆರೆಗನ್ ರಾಜ್ಯದ ಪೋರ್ಟ್‌ಲೆಂಡ್ ಊರಿಗೆ ಹೋದವಳು. ಆ ಊರಿನ ಚಳಿಗಾಲವೆಂದರೆ ತಿಂಗಳುಗಟ್ಟಲೆ ಸೋನೆ, ಮಧ್ಯಾಹ್ನ ನಾಲ್ಕೂವರೆಗೇ ಕತ್ತಲು. ಅದೇ ಹೊತ್ತಿಗೆ ಅವಳ ಕೆಲಸವೂ ಹೋಯಿತು. ಭಾನುವಾರದ ಫೋನು ಮೊದಲು ಅರ್ಧ ತಾಸಿನದಿದ್ದದ್ದು ಐದು ನಿಮಿಷಕ್ಕೆ ಬಂತು. “ಊಟ ಆತು. ಆರಾಮ ಇದ್ದೇನಿ” ಇಷ್ಟೇ. ತಾಯಂದಿರಿಗೆ ಆ “ಆರಾಮ”ದ ಅರ್ಥ ತಿಳಿಯುತ್ತದೆ. ಹನ್ನೆರಡು ಸಾವಿರ ಕಿಲೋಮೀಟರಿನಾಚೆ ಕೂತು ಮಾಡುವುದೇನು? ನಾನು ಇಲ್ಲಿ ರಾಯರ ಮಠಕ್ಕೆ ಹರಕೆ ಹೊತ್ತೆ. ಅಲ್ಲಿ ಪಕ್ಕದ ಮನೆಯ ವಯಸ್ಸಾದ ಹೆಣ್ಣುಮಗಳೊಬ್ಬಳು ಒಂದು ಶನಿವಾರ ಇವಳನ್ನು ಕಾರಿನಲ್ಲಿ ಕೂಡಿಸಿಕೊಂಡು ಮೌಂಟ್ ಹುಡ್ ಪರ್ವತಕ್ಕೆ ಒಯ್ದು, ತನ್ನ ಹಳೆಯ ಸ್ಕೀ ಕಾಲಿಗೆ ಕಟ್ಟಿ, ಹಿಮದ ಮೇಲೆ ಬಿಟ್ಟಳು. ಆ ದಿನ ಇಪ್ಪತ್ತು ಸಲ ಬಿದ್ದಳಂತೆ. ಮರುದಿನ ಫೋನಿನಲ್ಲಿ ಇಪ್ಪತ್ತನ್ನೂ ಒಂದೊಂದಾಗಿ ಹೇಳಿ ನಕ್ಕಳು. ನಾನು ಫೋನು ಇಟ್ಟು ಕಣ್ಣೊರೆಸಿಕೊಂಡೆ. ಇವರು, “ಬಿದ್ದಾಳಂದ್ರ ನೀ ಯಾಕ ಖುಷಿ ಆಗ್ತಿ?” ಎಂದರು. ಗಂಡಸರಿಗೆ ಎಲ್ಲವನ್ನೂ ಬಿಡಿಸಿ ಹೇಳಲಿಕ್ಕಾಗುವುದಿಲ್ಲ.

ಹೀಗೆ ಹಿಡಿದ ಹುಚ್ಚು ಬರ್ಕಿಬೈನರ್ ಎಂಬ ಓಟದವರೆಗೆ ಬಂತು. ಹೆಸರು ನಾರ್ವೆಯದು. 1206ರಲ್ಲಿ ಅಲ್ಲಿ ಅಂತರ್ಯುದ್ಧ ನಡೆದಾಗ, ಬರ್ಕಿಬೈನರ್ ಎಂಬ ಪಕ್ಷದ ಸ್ಕೀ ಬಂಟರು ಹಾಕನ್ ಎಂಬ ರಾಜಮನೆತನದ ಹಸುಗೂಸನ್ನು ಶತ್ರುಗಳಿಂದ ಕಾಪಾಡಿ ಹಿಮದ ಬೆಟ್ಟ ದಾಟಿಸಿದರು. ಆ ಕೂಸು ಮುಂದೆ ರಾಜನಾಯಿತು. ಅದರ ನೆನಪಿಗೆ ನಾರ್ವೆಯಲ್ಲಿ 1932ರಿಂದ ಸ್ಕೀ ಓಟವಿದೆ. ಓಡುವವರೆಲ್ಲ ಕೂಸಿನ ತೂಕದ ಗುರುತಿಗೆ ಬೆನ್ನ ಮೇಲೆ 3.5 ಕಿಲೋ ಗಂಟು ಹೊರಬೇಕು, ತೂಗಿ ನೋಡುತ್ತಾರೆ! ಅಮೆರಿಕೆಯ ಓಟ 1973ರಲ್ಲಿ ಶುರುವಾದದ್ದು. ವಿಸ್ಕಾನ್ಸಿನ್ ರಾಜ್ಯದ ಕೇಬಲ್ ಎಂಬ ಹಳ್ಳಿಯಿಂದ ಕಾಡಿನೊಳಗೆ ಏರಿಳಿದು, ಹೆಪ್ಪುಗಟ್ಟಿದ ಕೆರೆ ದಾಟಿ, ಹೇವರ್ಡ್ ಪಟ್ಟಣದ ಮುಖ್ಯ ಬೀದಿಗೆ ಬಂದು ಮುಟ್ಟಬೇಕು. ಐವತ್ತು ಕಿಲೋಮೀಟರಿನ ಮೇಲೆ. ಇಲ್ಲಿ ಬೆನ್ನ ಮೇಲೆ ಗಂಟು ಬೇಕಿಲ್ಲ. 2024ರಲ್ಲಿ ಹೋಗಬೇಕೆಂದಿದ್ದಳು. ಆ ವರ್ಷ ಹಿಮವೇ ಬೀಳದೆ, ಯಂತ್ರದಿಂದ ತಯಾರಿಸಿದ ಹಿಮ ಹಾಸಿ ಹತ್ತು ಕಿಲೋಮೀಟರಿನ ಸುತ್ತುದಾರಿಯಲ್ಲಿ ಓಟ ನಡೆಸಿದರು. ಹೀಗಾಗಿ 2025ರ ಫೆಬ್ರವರಿಗೆ ಹೆಸರು ಕೊಟ್ಟಳು. ಆಗ ನಾನು ಅಲ್ಲಿಯೇ ಇದ್ದೆ. “ಅವ್ವಾ, ನೀನೂ ಬಾ” ಅಂದಳು.

ಪೋರ್ಟ್‌ಲೆಂಡಿನಿಂದ ಮಿನಿಯಾಪೊಲಿಸ್‌ಗೆ ವಿಮಾನ, ನಡುವೆ ಇನ್ನೊಂದು ಊರಿನಲ್ಲಿ ಬದಲಾವಣೆ. ಅಲ್ಲಿಂದ ಹೇವರ್ಡ್‌ಗೆ ಬಾಡಿಗೆ ಕಾರಿನಲ್ಲಿ ಎರಡೂವರೆ-ಮೂರು ತಾಸು. ಕೇಳಲಿಕ್ಕೆ ಸುಲಭ.

ಈಗ ಸಾಮಾನಿನ ಕಾನೂನು ಕೇಳಿ. ನೀವೆಲ್ಲ ಮಕ್ಕಳ ಮನೆಗೆ ಹೋಗುವಾಗ 23 ಕಿಲೋ ತೂಕದ ಮಿತಿಯನ್ನು ಬಾತ್‌ರೂಮಿನ ತೂಕದ ಯಂತ್ರದ ಮೇಲೆ ನಿಂತು ಲೆಕ್ಕ ಹಾಕಿದವರೇ. ಆದರೆ ಅಳತೆಗೂ ಮಿತಿಯುಂಟು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿಸಿದರೆ 158 ಸೆಂಟಿಮೀಟರು ಮೀರಬಾರದು. ಮಗಳ ಸ್ಕೀ ಚೀಲ ಉದ್ದದಲ್ಲೇ ಎರಡು ಮೀಟರು! ತೂಕ ಮಾತ್ರ ನಮ್ಮ ಉಪ್ಪಿನಕಾಯಿ ಪೆಟ್ಟಿಗೆಯ ಅರ್ಧದಷ್ಟೂ ಇಲ್ಲ. ಅದಕ್ಕೆಂದೇ ಬಹಳಷ್ಟು ವಿಮಾನ ಕಂಪನಿಗಳು ಸ್ಕೀಗೆ ಉದ್ದದ ವಿನಾಯಿತಿ ಕೊಟ್ಟಿವೆ. ಒಂದು ಸ್ಕೀ ಚೀಲ, ಒಂದು ಬೂಟಿನ ಚೀಲ ಸೇರಿ ಒಂದೇ ನಗವೆಂದು ಹಿಡಿಯುವವರೂ ಇದ್ದಾರೆ. ಈ ವಿನಾಯಿತಿ ಕಂಪನಿಯ ಪುಸ್ತಕದಲ್ಲಿ ಇರುತ್ತದೆ. ಕೌಂಟರಿನಲ್ಲಿ ನಿಂತವರ ತಲೆಯಲ್ಲಿ ಇರಲೇಬೇಕೆಂದಿಲ್ಲ.

ನಮ್ಮ ಪಾಲಿಗೆ ಬಂದವಳು ಹೊಸ ಹುಡುಗಿ. ಟೇಪು ಹಿಡಿದು ಅಳೆದು, ಹೆಚ್ಚಿನ ಉದ್ದಕ್ಕೆ 150 ಡಾಲರು ಎಂದಳು. ಮಗಳು ನಿಯಮ ತೋರಿಸಿದಳು. ಆ ಹುಡುಗಿ ತನ್ನ ಪರದೆ ತೋರಿಸಿದಳು. ಹಿಂದೆ ಸಾಲು ಬೆಳೆಯಿತು. ಕಡೆಗೆ ಒಬ್ಬ ಹಿರಿಯ ನೌಕರ ಬಂದು, “ಚೀಲದಲ್ಲಿ ಸ್ಕೀ ಬಿಟ್ಟು ಬೇರೇನೂ ಇಲ್ಲತಾನೆ? ಬೇರೆ ಬಟ್ಟೆ-ಬರೆ ಇದ್ದರೆ ಇದು ಕ್ರೀಡಾ ಸಾಮಾನು ಆಗುವುದಿಲ್ಲ” ಎಂದ. ಚೀಲ ಬಿಚ್ಚಿಸಿದ.

ಒಳಗೆ ಇದ್ದದ್ದು ಕೌದಿ.

ಮೈಸೂರು, ಮಂಗಳೂರು ಕಡೆಯ ಓದುಗರಿಗಾಗಿ ಹೇಳುತ್ತೇನೆ. ನಮ್ಮ ಧಾರವಾಡದ ಕಡೆ ಹಳೆಯ ಸೀರೆ, ಧೋತರ, ಅರಿವೆಗಳನ್ನು ಪದರ ಪದರವಾಗಿ ಇಟ್ಟು, ಕೈಯಿಂದ ಒತ್ತೊತ್ತಾಗಿ ಹೊಲಿಗೆ ಹಾಕಿ ಹೊದಿಕೆ ಮಾಡುತ್ತಾರೆ, ಅದು ಕೌದಿ. ಇದನ್ನು ಹೊಲಿದವಳು ನನ್ನ ಅವ್ವ, ಮಗಳು ಹುಟ್ಟಿದಾಗ. ಅದರಲ್ಲಿ ಅವ್ವನ ಎರಡು ಇಳಕಲ್ ಸೀರೆಗಳಿವೆ, ನನ್ನ ಶಾಲೆಯ ಲಂಗವಿದೆ, ನಮ್ಮಪ್ಪನ ಧೋತರದ ಅಂಚು ಇದೆ. ಅವ್ವ ಈಗಿಲ್ಲ. ಕೌದಿ ಮೊಮ್ಮಗಳ ಜೊತೆ ಅಮೆರಿಕೆಗೆ ಹೋಯಿತು. ಸ್ಕೀಯ ತುದಿ ಬಹಳ ನಾಜೂಕು. ಮೆತ್ತೆಯಿಲ್ಲದೆ ಹಾಕಿದರೆ ಇಳಿಸುವಾಗ ಮುರಿಯಬಹುದು. ಕೌದಿಯಷ್ಟು ದಪ್ಪ, ಕೌದಿಯಷ್ಟು ಮೆತ್ತಗಿನದು ಬೇರೆ ಇಲ್ಲವೆಂದು ಮಗಳು ಪ್ರತಿ ಸಲ ಅದರಲ್ಲೇ ಸುತ್ತುತ್ತಾಳೆ. ಅಜ್ಜಿ ಜೊತೆಗಿದ್ದ ಹಾಗೆ ಎಂದೂ ಒಮ್ಮೆ ಅಂದಿದ್ದಳು.

“ಇದು ಹೊದಿಕೆಯಲ್ಲವೇ?” ಎಂದ ಆತ. ಈ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟವಳು ನಾನು. “ಸ್ವಾಮಿ, ಚಳಿಗೆ ಹೊದ್ದರೆ ಹೊದಿಕೆ, ಸಾಮಾನಿಗೆ ಸುತ್ತಿದರೆ ಪ್ಯಾಕಿಂಗ್” ಎಂದೆ. ಕರ್ನಾಟಕ ಕಾಲೇಜಿನಲ್ಲಿ ಮೂರು ವರ್ಷ ಇಂಗ್ಲಿಷ್ ಸಾಹಿತ್ಯ ಓದಿದ್ದು ಅಷ್ಟಾದರೂ ಕೆಲಸಕ್ಕೆ ಬಂತು. ಆತ ನಕ್ಕು, 35 ಡಾಲರು ತೆಗೆದುಕೊಂಡು ಚೀಟಿ ಅಂಟಿಸಿದ. ಅಳಿಯಂದಿರು ಚೀಲವನ್ನು ಹೊತ್ತು, ಆ ಕೊನೆಯಲ್ಲಿದ್ದ ದೊಡ್ಡ ಸಾಮಾನಿನ ಬಾಗಿಲಿಗೆ ಒಪ್ಪಿಸಿ ಬಂದರು.

ಭದ್ರತಾ ತಪಾಸಣೆಯಲ್ಲಿ ಇನ್ನೊಂದು ನಾಟಕ. ಸ್ಕೀ ಕೋಲುಗಳನ್ನು ವಿಮಾನದೊಳಗೆ ಒಯ್ಯಲು ಬಿಡುವುದಿಲ್ಲ, ಆದ್ದರಿಂದ ಅವು ಚೀಲದಲ್ಲೇ ಹೋಗಿದ್ದವು. ಬೂಟುಗಳನ್ನು ಮಾತ್ರ ಮಗಳು ಬೆನ್ನಚೀಲದಲ್ಲಿ ಇಟ್ಟುಕೊಂಡಿದ್ದಳು. ಬಲ್ಲವರೆಲ್ಲ ಹಾಗೇ ಮಾಡುತ್ತಾರಂತೆ: ಸ್ಕೀ ಕಳೆದರೆ ಬಾಡಿಗೆಗೆ ಸಿಕ್ಕೀತು, ಕಾಲಿಗೆ ಹದವಾದ ಬೂಟು ಸಿಗಲಾರದು. ಬೂಟಿನ ಜೊತೆ ಮೇಣದ ಡಬ್ಬಿಗಳು. ಈ ಸ್ಕೀಗಳಿಗೆ ಪಾದದ ಕೆಳಗೆ ಮೇಣ ಹಚ್ಚಬೇಕು. ಹಚ್ಚದಿದ್ದರೆ ಏರಿನಲ್ಲಿ ಹಿಂದಕ್ಕೆ ಜಾರುತ್ತದೆ. ಹಸಿರು ಕಡು ಚಳಿಗೆ, ನೀಲಿ ಅದಕ್ಕಿಂತ ಕಡಿಮೆ ಚಳಿಗೆ, ನೇರಳೆ, ಕೆಂಪು ಹಿಮ ಕರಗುವ ಹೊತ್ತಿಗೆ. ಹಳೆಯ ಹಿಮ ಮಂಜುಗಡ್ಡೆಯಾಗಿದ್ದರೆ ಕ್ಲಿಸ್ಟರ್ ಎಂಬ ಅಂಟು. ಅದರ ಅಂಟು ಎಂಥದೆಂದರೆ, ಹಲಸಿನ ಹಣ್ಣು ಬಿಡಿಸಿದವರಿಗೆ ನಾನು ಹೇಳಬೇಕಾಗಿಲ್ಲ. ಕೈಗೆ ಎಣ್ಣೆ ಹಚ್ಚಿಕೊಳ್ಳುವ ಉಪಾಯವನ್ನು ಮಗಳಿಗೆ ಹೇಳಿಕೊಟ್ಟವಳೂ ನಾನೇ. ಅದನ್ನು ತೊಳೆಯುವ ದ್ರಾವಣ ಬೆಂಕಿ ಹಿಡಿಯುವಂಥದು, ವಿಮಾನದಲ್ಲಿ ಯಾವ ರೀತಿಯಲ್ಲೂ ಒಯ್ಯಬಾರದು, ಊರು ಮುಟ್ಟಿ ಕೊಳ್ಳಬೇಕು.

ಮೇಣದ ಡಬ್ಬಿಗಳನ್ನು ತಪಾಸಣೆಯವರು ಹೊರಳಿಸಿ ನೋಡಿ ಬಿಟ್ಟರು. ಅವರ ಕಣ್ಣು ಬಿದ್ದದ್ದು ನನ್ನ ಕೈಚೀಲದ ಅಂಟಿನ ಉಂಡಿಗಳ ಮೇಲೆ. ಇಪ್ಪತ್ತನಾಲ್ಕು ದುಂಡನೆಯ ಗಟ್ಟಿ ವಸ್ತುಗಳು ಯಂತ್ರದಲ್ಲಿ ಹೇಗೆ ಕಂಡವೋ! ಒಂದು ಬಟ್ಟೆಯ ತುಂಡಿನಿಂದ ಡಬ್ಬಿ ಒರೆಸಿ ಪರೀಕ್ಷೆ ಮಾಡಿ, “ಏನಿದು?” ಎಂದರು. ಬಾಣಂತಿಯರಿಗೆ ಕೊಡುವುದು, ಒಣ ಕೊಬ್ಬರಿ, ಉತ್ತತ್ತಿ, ಬೆಲ್ಲ, ಅಂಟು ಎಂದು ವಿವರಿಸುವಷ್ಟರಲ್ಲಿ ಮಗಳು, “ಅವ್ವಾ, ನೀ ಸುಮ್ಮನಿರು. ಎನರ್ಜಿ ಬಾರ್ ಅನ್ನು, ಬಿಡ್ತಾರ” ಅಂದಳು. ಹಾಗೆಯೇ ಅಂದೆ. ಬಿಟ್ಟರು.

ಗುರುವಾರ ರಾತ್ರಿ ಮಿನಿಯಾಪೊಲಿಸ್. ಹೊರಗೆ ಸೊನ್ನೆಗಿಂತ ಬಹಳ ಕೆಳಗಿನ ಚಳಿ. ಸ್ಕೀ ಚೀಲ ಎಲ್ಲರ ಪೆಟ್ಟಿಗೆಗಳ ಜೊತೆ ತಿರುಗುವ ಪಟ್ಟಿಯ ಮೇಲೆ ಬರುವುದಿಲ್ಲ. ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಅದನ್ನು ಕೈಯಿಂದಲೇ ತಂದು ಬೇರೆ ಬಾಗಿಲಿನಲ್ಲಿ ಇಡುತ್ತಾರೆ. ನಾವು ಆ ಬಾಗಿಲಿನ ಎದುರು ನಿಂತೆವು. ಒಂದು ಉದ್ದನೆಯ ಚೀಲ ಬಂತು, ನಮ್ಮದಲ್ಲ. ಇನ್ನೊಂದು ಬಂತು, ಅದೂ ಅಲ್ಲ. ಮಗುವಿನ ತಳ್ಳುಗಾಡಿ ಬಂತು. ಆಮೇಲೆ ಬಾಗಿಲು ಮುಚ್ಚಿತು.

“ಅತ್ತೆ, ನೀವು ಕೂತ್ಕೊಳ್ಳಿ, ನಾನು ವಿಚಾರಿಸ್ತೀನಿ” ಎಂದು ಅಳಿಯಂದಿರು ಹೋದರು. ಅವರು ಮೈಸೂರಿನವರು, ಭೂಮಿ ಬಿರಿದರೂ ದನಿ ಏರಿಸುವವರಲ್ಲ. ಹಿಂದಿರುಗಿ ಬಂದಾಗ ಕೈಯಲ್ಲಿ ದೂರಿನ ಕಾಗದವಿತ್ತು. ಚೀಲ ನಡುವಿನ ಊರಿನಲ್ಲೇ ಉಳಿದಿದೆ. ನಾವು ವಿಮಾನ ಬದಲಿಸಿದ್ದು ಐವತ್ತು ನಿಮಿಷದಲ್ಲಿ. ಪೆಟ್ಟಿಗೆಗಳು ಪಟ್ಟಿಯ ಮೇಲೆ ತಾವೇ ಓಡಿ ಬಂದವು. ಉದ್ದದ್ದನ್ನು ಯಾರಾದರೂ ಗಾಡಿಯಲ್ಲಿಟ್ಟು ತರಬೇಕು, ಆ ಯಾರಾದರೂ ಬರಲಿಲ್ಲ.

2018ರ ಜೂನ್‌ನಿಂದ ಒಂದು ಅಂತರರಾಷ್ಟ್ರೀಯ ನಿಯಮವಿದೆ. ಸಾಮಾನನ್ನು ಪಡೆದಾಗ, ವಿಮಾನಕ್ಕೆ ಏರಿಸಿದಾಗ, ಒಂದರಿಂದ ಇನ್ನೊಂದಕ್ಕೆ ದಾಟಿಸಿದಾಗ, ಕೊನೆಗೆ ಮರಳಿಸುವಾಗ, ಹೀಗೆ ನಾಲ್ಕು ಕಡೆ ಅದರ ಗುರುತು ಹಿಡಿಯಲೇಬೇಕು. ಇದರಿಂದ ಒಂದು ಲಾಭವಾಗಿದೆ. ಮೊದಲು ನಿಮ್ಮ ಚೀಲ ಎಲ್ಲಿದೆಯೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಈಗ ಎಲ್ಲರಿಗೂ ಗೊತ್ತಿರುತ್ತದೆ. ಚೀಲ ಮಾತ್ರ ಅಲ್ಲಿಯೇ ಇರುತ್ತದೆ.

ಶುಕ್ರವಾರವಿಡೀ ಹೇವರ್ಡ್‌ನ ಮೋಟೆಲಿನಲ್ಲಿ ಫೋನು. ಬೆಳಗಿನ ವಿಮಾನಕ್ಕೆ ಹಾಕಿದ್ದೇವೆ ಎಂದರು. ಆ ವಿಮಾನ ಚಿಕ್ಕದು, ಹಿಡಿಸಲಿಲ್ಲ ಎಂದರು. ಮಧ್ಯಾಹ್ನದ್ದಕ್ಕೆ ಎಂದರು. ಒಬ್ಬ ನೌಕರಳು ಬಹಳ ಅಂತಃಕರಣದಿಂದ ಮಾತಾಡಿದಳು, ಆದರೆ ಅವಳು ಕೂತಿದ್ದದ್ದು ಬೇರೆಯದೇ ರಾಜ್ಯದಲ್ಲಿ. ಓಟ ಶನಿವಾರ ಬೆಳಿಗ್ಗೆ.

ಮಗಳು ಬಾಡಿಗೆಯ ಅಂಗಡಿಗೆ ಹೊರಟಳು, ನಾನೂ ಹೋದೆ. ಸ್ಕೀ ಎಂದರೆ ಬರೀ ಹಲಗೆ ಎಂದುಕೊಂಡಿದ್ದ ನನಗೆ ಅಲ್ಲಿ ಒಂದು ಪಾಠವಾಯಿತು. ಸ್ಕೀಯ ನಡುಭಾಗ ಬಿಲ್ಲಿನ ಹಾಗೆ ಮೇಲಕ್ಕೆ ಬಾಗಿರುತ್ತದೆ. ಎರಡೂ ಕಾಲಿನ ಮೇಲೆ ನಿಂತಾಗ ಆ ಬಾಗು ಹಿಮಕ್ಕೆ ತಾಗಬಾರದು, ಆಗಲೇ ಜಾರುವುದು. ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ತುಳಿದಾಗ ಅದು ಬಗ್ಗಿ ಹಿಮವನ್ನು ಹಿಡಿಯಬೇಕು, ಆಗಲೇ ಮುಂದೆ ಹೋಗುವುದು. ಆ ಬಾಗಿನ ಬಿಗಿ ನಿಮ್ಮ ಮೈತೂಕಕ್ಕೆ ಸರಿಯಾಗಿರಬೇಕು. ಬಿಗಿ ಹೆಚ್ಚಾದರೆ ಏರಿನಲ್ಲಿ ಹಿಡಿತವಿಲ್ಲ, ಕಡಿಮೆಯಾದರೆ ಇಳಿಜಾರಿನಲ್ಲೂ ಎಳೆದಾಟ. ಇನ್ನೊಬ್ಬರ ಸ್ಕೀ ಎಂದರೆ ಇನ್ನೊಬ್ಬರ ಕೈಯ ಅಳತೆಯ ಬಳೆ. ಅಂಗಡಿಯವನು ನೆಲದ ಮೇಲೆ ಸ್ಕೀ ಇಟ್ಟು, ಮಗಳನ್ನು ನಿಲ್ಲಿಸಿ, ಪಾದದಡಿಗೆ ಒಂದು ಕಾಗದ ತೂರಿಸಿ ಎಳೆದು ನೋಡಿದ. ಎರಡು ಕಾಲಿನಲ್ಲಿ ನಿಂತಾಗ ಕಾಗದ ಸರಾಗವಾಗಿ ಬರಬೇಕು, ಒಂದೇ ಕಾಲಿನಲ್ಲಿ ನಿಂತಾಗ ಸಿಕ್ಕಿಕೊಳ್ಳಬೇಕು. ಒಂದೇ ಕಾಲಿನಲ್ಲಿ ನಿಂತರೂ ಕಾಗದ ಬಂದೇ ಬಂತು. ಓಟದ ಹಿಂದಿನ ದಿನ, ಹದವಾದವೆಲ್ಲ ಹೋಗಿಬಿಟ್ಟಿದ್ದವು. ಕೊನೆಗೆ ಸಿಕ್ಕದ್ದು ಮೇಣ ಬೇಡದ, ಅಡಿಯಲ್ಲಿ ಮೀನಿನ ಮೈಯಂತೆ ಗೀರುಗಳಿದ್ದ ಒಂದು ಜೊತೆ. ಇದ್ದುದರಲ್ಲಿ ವಾಸಿ. ಅವಳ ಬೂಟು ಮಾತ್ರ ಅದಕ್ಕೆ ಸರಿಯಾಗಿ ಕೂತಿತು.

ಸಂಜೆ ಮೋಟೆಲಿನಲ್ಲಿ ಕಂಪನಿಗೆ ಪರಿಹಾರದ ಅರ್ಜಿ ತುಂಬಲು ಕೂತೆವು. ಅಷ್ಟು ಬೇಗ ಬೇಡವಿತ್ತೇನೋ, ಆದರೆ ಮಗಳಿಗೆ ಸುಮ್ಮನೆ ಕೂಡಲಾಗುತ್ತಿರಲಿಲ್ಲ. ಇಂಥದ್ದೆಲ್ಲ ತಿಳಿದಿರಲಿ: ಅಮೆರಿಕೆಯೊಳಗಿನ ಪ್ರಯಾಣದಲ್ಲಿ ಸಾಮಾನು ಕಳೆದರೆ ಪರಿಹಾರದ ಮಿತಿ 2025ರ ಜನವರಿಯಿಂದ 4,700 ಡಾಲರು. ಸಾಮಾನು 12 ತಾಸಿಗಿಂತ ತಡವಾದರೆ ಅದಕ್ಕೆ ತೆಗೆದುಕೊಂಡ ಶುಲ್ಕವನ್ನು ಮರಳಿಸಬೇಕು. ನಾವು ಮುಂಬಯಿಯಿಂದ ಹೋಗುವಂಥ ವಿದೇಶ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದವಿದೆ. ಅದರಂತೆ ಮುರಿದಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಗೆ ಸಿಕ್ಕ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಬಾಯಿಮಾತಿನ ಜಗಳ ಲೆಕ್ಕಕ್ಕಿಲ್ಲ.

ಅರ್ಜಿಯಲ್ಲಿ ನಾಲ್ಕು ಕಲಮುಗಳು. ವಸ್ತು, ಕೊಂಡ ವರ್ಷ, ಕೊಟ್ಟ ಬೆಲೆ, ರಸೀತಿ ಇದೆಯೇ. ಮಗಳು ಹೇಳುತ್ತ ಹೋದಳು, ನಾನು ಬರೆದೆ. ಸ್ಕೀ ಒಂದು ಜೊತೆ, 2023, ಇಷ್ಟು ಡಾಲರು, ರಸೀತಿ ಇದೆ. ಕೋಲು ಒಂದು ಜೊತೆ. ಚೀಲ. ಆಮೇಲೆ ಕೌದಿ.

ಕೌದಿಗೆ ಏನೆಂದು ಬರೆಯಬೇಕು? ಇಂಗ್ಲಿಷಿನಲ್ಲಿ ಕ್ವಿಲ್ಟ್ ಎನ್ನಬಹುದು. ಕೊಂಡ ವರ್ಷ? ಕೊಂಡದ್ದಲ್ಲ. ಬೆಲೆ? ಅವ್ವ ಮಧ್ಯಾಹ್ನ ಊಟವಾದ ಮೇಲೆ ಧಾರವಾಡದ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಮೂರು ತಿಂಗಳು ಹೊಲಿದಳು. ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ಮೂಲೆಗಳಿಗೆ ಮುಕ್ಕೋನದ ತುಂಡುಗಳನ್ನು ಇಟ್ಟಳು. ಕೌದಿ ಮುಗಿಸುವಾಗ ಒಳಗೆ ತುತ್ತು ಅನ್ನ ಇಟ್ಟು ಹೊಲಿಯಬೇಕು, ಹೊದ್ದವರು ಹಸಿದಿರಬಾರದು ಎಂದು ತನ್ನ ಅತ್ತಿ ಹೇಳುತ್ತಿದ್ದಳೆಂದು ಒಂದು ಅಗುಳು ಇಟ್ಟಳು ಕೂಡ. ಇದನ್ನು ಯಾವ ಕಲಮಿನಲ್ಲಿ ಬರೆಯುವುದು? ನಾನು ಪೆನ್ನು ಹಿಡಿದು ಕೂತೆ.

“ಅವ್ವಾ, ನಾನು ಅದನ್ನ ಸುತ್ತಬಾರದಿತ್ತು” ಎಂದಳು ಮಗಳು. ಆ ದಿನವಿಡೀ ಸ್ಕೀ ಬಗ್ಗೆ ಒಂದು ಹನಿ ಕಣ್ಣೀರು ಹಾಕದವಳು ಆಗ ಅತ್ತಳು. “ಸುತ್ತಲಿಕ್ಕೇ ಹೊಲಿದಾಳ ಅವ್ವ, ಕಪಾಟಿನ್ಯಾಗ ಇಡಲಿಕ್ಕಲ್ಲ” ಎಂದೆ. ಬೆಲೆಯ ಕಲಮಿನಲ್ಲಿ ಒಂದು ಗೆರೆ ಎಳೆದೆ.

ರಾತ್ರಿ ಒಂಬತ್ತಕ್ಕೆ ಫೋನು ಬಂತು. ಚೀಲ ಕೊನೆಯ ವಿಮಾನದಲ್ಲಿ ಮಿನಿಯಾಪೊಲಿಸ್‌ಗೆ ಬರುತ್ತದೆ, ನಾಳೆ ಮಧ್ಯಾಹ್ನ ಮೋಟೆಲಿಗೆ ತಲುಪಿಸುತ್ತೇವೆ. ಅಳಿಯಂದಿರು ತಕ್ಷಣ ಕೋಟು ಹಾಕಿಕೊಂಡರು. “ಹೋಗಿ ಬಂದ್ಬಿಡ್ತೀನಿ, ಬೆಳಗಿನ ಜಾವಕ್ಕೆ ಬರಬಹುದು.” ಹೋಗಿ ಬರಲು ಆರು ತಾಸು, ದಾರಿಯಲ್ಲಿ ಹಿಮ, ಕಾಡಿನಲ್ಲಿ ಅಡ್ಡ ಬರುವ ಜಿಂಕೆಗಳು. ನಾನು ಏನೂ ಅನ್ನಲಿಲ್ಲ. ಅನ್ನಬೇಕಾದವಳು ಮಗಳು. ಅವಳು ಕಾರಿನ ಕೀಲಿಕೈ ತೆಗೆದು ನನ್ನ ಕೈಗೆ ಕೊಟ್ಟು, “ಉಂಡಿ ಡಬ್ಬಿಯೊಳಗ ಇಡು” ಅಂದಳು. ಹಾಗೇ ಇಟ್ಟೆ.

ಓಟದ ದಿನ ನಾನು ಕಂಡದ್ದು ಹೇವರ್ಡ್‌ನ ಮುಖ್ಯ ಬೀದಿಯನ್ನು ಮಾತ್ರ. ಬೀದಿಗೆ ಹಿಮ ತಂದು ಹಾಸಿರುತ್ತಾರೆ. ಎರಡೂ ಬದಿಗೆ ಜನ, ಎಲ್ಲರ ಕೈಯಲ್ಲೂ ದನದ ಕೊರಳ ಗಂಟೆ. ಬರುವವರಿಗೆಲ್ಲ, ಯಾರೇ ಇರಲಿ, ಗಂಟೆ ಬಾರಿಸಿ ಹುರಿದುಂಬಿಸುತ್ತಾರೆ. ಕಾರಹುಣ್ಣಿಮೆಯ ಎತ್ತಿನ ಮೆರವಣಿಗೆಯಲ್ಲಿ ನಿಂತ ಹಾಗಾಯಿತು. ನನಗೂ ಯಾರೋ ಒಂದು ಗಂಟೆ ಕೊಟ್ಟರು. ಎರಡು ಸ್ವೆಟರ್, ಅದರ ಮೇಲೆ ಅಳಿಯಂದಿರ ಕೋಟು, ಕೆಳಗೆ ಸೀರೆಯ ಒಳಗೆ ಉಣ್ಣೆಯ ಪೈಜಾಮ, ಹೀಗೆ ನಿಂತ ನನ್ನನ್ನು ಜನ ಸ್ಕೀ ಓಟಗಾರರಷ್ಟೇ ಆಸಕ್ತಿಯಿಂದ ನೋಡಿದರು. ಐದೂವರೆ ತಾಸಿನಲ್ಲಿ ಬರುತ್ತೇನೆ ಎಂದಿದ್ದಳು. ಐದೂವರೆ ಆಯಿತು, ಆರು ಆಯಿತು. ಆರೂವರೆಯ ಹೊತ್ತಿಗೆ ನನ್ನ ಬೆರಳುಗಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅಳಿಯಂದಿರು ಅದೇ ಮೆಲುದನಿಯಲ್ಲಿ, “ಬರ್ತಾಳೆ ಅತ್ತೆ” ಎಂದು ಹತ್ತು ನಿಮಿಷಕ್ಕೊಮ್ಮೆ ಹೇಳುತ್ತಿದ್ದರು.

ಬಂದಳು. ಆರು ತಾಸು ಐವತ್ತೆರಡು ನಿಮಿಷ. ಏರುಗಳಲ್ಲಿ ಸ್ಕೀ ಹಿಡಿಯದೆ, ಎರಡು ಕಡೆ ಕಳಚಿ ಹೆಗಲ ಮೇಲಿಟ್ಟು ನಡೆದಳಂತೆ. ನಾನು ಗಂಟೆ ಬಾರಿಸುವುದನ್ನೇ ಮರೆತೆ. ಅವಳು ಗೆರೆ ದಾಟಿ, ಬಗ್ಗಿ ಉಸಿರು ಬಿಟ್ಟು, ಎದ್ದು ನಿಂತು ಮೊದಲು ಕೇಳಿದ್ದು, “ಉಂಡಿ ತಂದಿಯೇನು?”

ಮೋಟೆಲಿಗೆ ಮರಳಿದಾಗ ಚೀಲ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿತ್ತು, ಮುಗ್ಧವಾಗಿ, ಏನೂ ಆಗಿಲ್ಲವೆಂಬಂತೆ. ಒಳಗೆ ಸ್ಕೀ, ಕೋಲು, ಕೌದಿ ಎಲ್ಲ ಇದ್ದವು. ಚೀಲ ತೆರೆದು ತಪಾಸಣೆ ಮಾಡಿದ್ದೇವೆ ಎಂಬ ಅಚ್ಚು ಹಾಕಿದ ಚೀಟಿಯೊಂದು ಕೌದಿಯ ಮೇಲಿತ್ತು. ತೆರೆದವರು ಯಾರೋ, ಕೌದಿಯನ್ನು ನಾಲ್ಕು ಮಡಿಕೆಯಾಗಿ, ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟಿದ್ದರು. ಮಗಳು ಅಷ್ಟು ನೀಟಾಗಿ ಮಡಚುವುದಿಲ್ಲ.

ಸೋಮವಾರ ಮಿನಿಯಾಪೊಲಿಸ್ ನಿಲ್ದಾಣದಲ್ಲಿ ನಾನು ಕಂಡ ಸಾಲನ್ನು ನೀವು ನೋಡಬೇಕಿತ್ತು. ಎಲ್ಲರ ಹೆಗಲ ಮೇಲೂ ಉದ್ದನೆಯ ಚೀಲ. ಗಣಪತಿ ಹಬ್ಬಕ್ಕೆ ಕೊಂಕಣಕ್ಕೆ ಹೊರಟ ಗಾಡಿಯ ಗದ್ದಲವೇ. ಕೌಂಟರಿನ ಹೆಂಗಸು ಟೇಪು ಹಿಡಿಯಲಿಲ್ಲ, ಚೀಲ ಬಿಚ್ಚಿಸಲಿಲ್ಲ. “ಓಟ ಹೇಗಾಯಿತು?” ಎಂದು ಕೇಳಿ ಚೀಟಿ ಅಂಟಿಸಿದಳು. ನಾಲ್ಕು ದಿನದ ಹಿಂದೆ ಕ್ರೀಡಾ ಸಾಮಾನು ಹೌದೋ ಅಲ್ಲವೋ ಎಂದು ವಿಚಾರಣೆಗೆ ಗುರಿಯಾಗಿದ್ದ ಅದೇ ಚೀಲ, ಅದೇ ಕಂಪನಿ!

ಅರ್ಜಿಗೆ ಉತ್ತರ ಬರಲು ಐದು ವಾರ ಹಿಡಿಯಿತು. 35 ಡಾಲರು ಮರಳಿ ಬಂತು, ಬಾಡಿಗೆಯ ರಸೀತಿ ಕಳಿಸಿದ್ದಕ್ಕೆ ಆ ಹಣವೂ ಬಂತು. ಈಗ ಮಗಳು ಎಲ್ಲಿಗಾದರೂ ಓಟಕ್ಕೆ ಹೋಗಬೇಕಾದರೆ ವಿಮಾನ ಬದಲಿಸದ ದಾರಿಯನ್ನೇ ಹುಡುಕುತ್ತಾಳೆ, ಒಂದು ದಿನ ಮೊದಲೇ ಹೊರಡುತ್ತಾಳೆ, ಸ್ಕೀಗೆ ಹಳೆಯ ಸ್ವೆಟರ್ ಸುತ್ತುತ್ತಾಳೆ. ಕೌದಿ ಮಾತ್ರ ಅವಳ ಜೊತೆ ವಿಮಾನದೊಳಗೆ, ಕೈಚೀಲದಲ್ಲಿ. ಅದಕ್ಕೆ ಜಾಗ ಮಾಡಲು ನಾನು ಮುಂದಿನ ಸಲ ಉಂಡಿಯ ಚಿಕ್ಕ ಡಬ್ಬಿ ತರಬೇಕಂತೆ. ಈ ವಿಷಯದಲ್ಲಿ ನಮ್ಮಿಬ್ಬರ ಮಾತುಕತೆ ಇನ್ನೂ ಮುಗಿದಿಲ್ಲ.